ಕನಿಷ್ಠ ಒಬ್ಬರು: ಸಮ್ಮೇಳನದ ಅಧ್ಯಕ್ಷ ಭಾಷಣ

ನಾಡಿನ ನಾನಾ ವಿಶ್ವವಿದ್ಯಾನಿಲಯಗಳಿಂದ ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಬಂದಿರುವ ಆಪ್ತಸಮಾಲೋಚಕ ಮಿತ್ರರೇ,

ಈ ಸಮ್ಮೇಳನದ ಅಧ್ಯಕ್ಷ ಪೀಠಕ್ಕೆ ನನ್ನನ್ನು ಆರಿಸಿದ್ದಕ್ಕಾಗಿ ಕೃತಜ್ಞತೆಯನ್ನು ಸಲ್ಲಿಸುತ್ತೇನೆ. ನನಗಿಂತ ಮೊದಲು ಈ ಪೀಠವನ್ನು ಅಲಂಕರಿಸಿದ ಹಿರಿಯರೆಲ್ಲರೂ ವಿದ್ವಾಂಸರು, ಸಜ್ಜನರು. ಅವರ ಸೇವೆಯನ್ನು ಸಂಘವು ಮರೆಯಲಾರದು. ಹಿಂದಿನ ಅಧ್ಯಕ್ಷರು ಸಂಘದ ಲೆಕ್ಕಪತ್ರಗಳನ್ನು ಕ್ರಮಪಡಿಸಿದರೆಂಬುದನ್ನು ವಿಶೇಷವಾಗಿ ಸ್ಮರಿಸಬೇಕು. ಇಷ್ಟಕ್ಕೆ ಉಪಚಾರದ ಮಾತನ್ನು ಮುಗಿಸುವುದಕ್ಕೆ ತಮ್ಮ ಅಪ್ಪಣೆಯಾಗಬೇಕು. ಸಂಚಾಲಕರು ನನಗೆ ಕೊಟ್ಟಿರುವುದು ನಲವತ್ತು ನಿಮಿಷ. ನಾನು ಹೇಳಬೇಕಾದದ್ದು ಹದಿನಾರು ವರ್ಷಗಳಿಂದ ಕೂಡಿಬಿದ್ದದ್ದು.

ಸಮ್ಮೇಳನವು ಧಾರವಾಡದಲ್ಲಿ ಸೇರಿರುವುದು ಉಚಿತವೇ ಆಗಿದೆ. ಒಂದು ಕಡೆ ಕರ್ನಾಟಕ ವಿಶ್ವವಿದ್ಯಾಲಯ, ಇನ್ನೊಂದು ಕಡೆ ಹತ್ತೊಂಬತ್ತನೆಯ ಶತಮಾನದಿಂದ ನಿಂತಿರುವ, ಇಂದು ಡಿಮ್ಹಾನ್ಸ್ ಎಂಬ ಹೆಸರಿನ ಮಾನಸಿಕ ಆಸ್ಪತ್ರೆ. ವಿದ್ಯೆಯನ್ನು ಅರಸಿ ಬಂದವರೂ ನೆಮ್ಮದಿಯನ್ನು ಅರಸಿ ಬಂದವರೂ ಒಂದೇ ಬಸ್ಸಿನಿಂದ ಇಳಿಯುವ ಊರು ಇದು. ನಾನು ಚಿಕ್ಕವಳಾಗಿದ್ದಾಗ ನಮ್ಮ ಕಡೆಯ ಮನೆಗಳಲ್ಲಿ ಮಾತು ಕೇಳದ ಮಕ್ಕಳಿಗೆ “ನಿನ್ನ ಧಾರವಾಡಕ್ಕ ಕಳಸಬೇಕು ನೋಡು” ಎಂದು ಗದರಿಸುವುದಿತ್ತು. ಪರೀಕ್ಷೆಯಲ್ಲಿ ಒಳ್ಳೆಯ ಅಂಕ ಬಂದರೂ ಅದೇ ಮಾತನ್ನು ಹೆಮ್ಮೆಯಿಂದ ಆಡುತ್ತಿದ್ದರು. ಎರಡೂ ಅರ್ಥದಲ್ಲಿ ಕಳಿಸಿಕೊಂಡವಳು ನಾನೊಬ್ಬಳೇ ಎಂದು ನನ್ನ ಸಹೋದ್ಯೋಗಿಗಳು ಪರಿಹಾಸ ಮಾಡುವುದುಂಟು.

ನಮ್ಮ ನಾಡಿಗೆ ಮನಶ್ಶಾಸ್ತ್ರವು ಹೊಸದಲ್ಲ. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿಯೇ, ಎಂ. ವಿ. ಗೋಪಾಲಸ್ವಾಮಿಯವರ ನೇತೃತ್ವದಲ್ಲಿ, ಈ ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವು ತೆರೆಯಿತು. ಅದೇ ಮಹನೀಯರು 1935ರಲ್ಲಿ ತಮ್ಮ ಮನೆಯಿಂದಲೇ ಬಾನುಲಿ ಕೇಂದ್ರವೊಂದನ್ನು ನಡೆಸಿ, ಅದಕ್ಕೆ ಆಕಾಶವಾಣಿ ಎಂಬ ಹೆಸರು ಬಂದದ್ದನ್ನು ತಾವೆಲ್ಲ ಬಲ್ಲಿರಿ. ಮನಸ್ಸಿನ ಶಾಸ್ತ್ರವನ್ನು ಓದಿದವರು ಮಾತನ್ನು ಮನೆಮನೆಗೆ ಮುಟ್ಟಿಸಿದರು. ನಮ್ಮ ಕಸುಬು ಅದರ ತಿರುಗುಮುರುಗು, ಮನೆಮನೆಯಿಂದ ಬಂದವರ ಮಾತನ್ನು ಕೇಳಿಸಿಕೊಳ್ಳುವುದು. ಕಲಿಸುವುದಕ್ಕೆ ತೊಡಗಿ ನೂರು ವರ್ಷ ದಾಟಿದರೂ ಕೇಳಿಸಿಕೊಳ್ಳುವುದಕ್ಕೆ ಒಂದು ಕುರ್ಚಿಯನ್ನು ಕಾಯಂ ಮಾಡುವುದು ನಮ್ಮಿಂದ ಆಗಲಿಲ್ಲವೆಂಬುದೇ ನನ್ನ ಭಾಷಣದ ವಿಷಯ.

ಸಮಸ್ಯೆಯ ಗಾತ್ರವನ್ನು ಈ ಸಭೆಗೆ ವಿವರಿಸಬೇಕಾಗಿಲ್ಲ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ 2022ನೆಯ ಇಸವಿಗೆ ಕೊಟ್ಟ ಲೆಕ್ಕದಲ್ಲಿ ಆತ್ಮಹತ್ಯೆಯಿಂದ ತೀರಿಕೊಂಡ ವಿದ್ಯಾರ್ಥಿಗಳ ಸಂಖ್ಯೆ 13,044. ನಿಮ್ಹಾನ್ಸ್ ಸಂಸ್ಥೆಯು 2015-16ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಬೇರೆಬೇರೆ ಮನೋವ್ಯಾಧಿಗಳಲ್ಲಿ ನೂರಕ್ಕೆ 70ರಿಂದ 92 ಮಂದಿಗೆ ಚಿಕಿತ್ಸೆ ದೊರೆಯುತ್ತಿರಲಿಲ್ಲ. ಈ ಅಂಕೆಗಳನ್ನು ಪ್ರತಿ ವರ್ಷ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನದ ನೆಪದಲ್ಲಿ, ಫಲಕಗಳ ಮೇಲೆ ಅಚ್ಚುಹಾಕಿಸಿ, ರಂಗೋಲಿ ಸ್ಪರ್ಧೆಯನ್ನು ಏರ್ಪಡಿಸಿ, ಬೆಂಗಳೂರಿನಿಂದ ಒಬ್ಬ ಸ್ಫೂರ್ತಿದಾಯಕ ಭಾಷಣಕಾರರನ್ನು ಕರೆಸಿ ವಿಶ್ವವಿದ್ಯಾನಿಲಯಗಳು ಕೃತಾರ್ಥವಾಗುತ್ತವೆ. ನಾನಿದ್ದ ಕಡೆ ಒಂದು ವರ್ಷ ಆ ಒಂದು ಗಂಟೆಯ ಸ್ಫೂರ್ತಿಗೆ ಕೊಟ್ಟ ಸಂಭಾವನೆಯು ನಮ್ಮ ಆಪ್ತಸಮಾಲೋಚಕಿಯ ಎರಡು ತಿಂಗಳ ಗೌರವಧನಕ್ಕೆ ಸಮವಾಗಿತ್ತು. ಆಕೆಗೆ ಆ ಎರಡು ತಿಂಗಳಿನದು ಇನ್ನೂ ಬಂದಿರಲಿಲ್ಲ.

ಈಗ ಹುದ್ದೆಯ ಮಾತಿಗೆ ಬರುತ್ತೇನೆ.

2009ರಲ್ಲಿ, ರ‍್ಯಾಗಿಂಗ್ ಪಿಡುಗನ್ನು ತಡೆಯುವುದಕ್ಕಾಗಿ, ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ಒಂದು ನಿಯಮಾವಳಿಯನ್ನು ಹೊರಡಿಸಿತಷ್ಟೆ. ಹೊಸದಾಗಿ ಬಂದ ಆರು ಮಂದಿಗೆ ಒಬ್ಬ ಮಾರ್ಗದರ್ಶಿ ಇರಬೇಕೆಂದೂ ವೃತ್ತಿನಿರತ ಆಪ್ತಸಮಾಲೋಚಕರ ನೆರವು ಪಡೆಯಬೇಕೆಂದೂ ಅದರಲ್ಲಿ ಹೇಳಿತ್ತು. ಆ ಕಾಗದವನ್ನು ಕಂಡು, ಇನ್ನು ನಮ್ಮ ಕಾಲ ಬಂದಿತೆಂದು ನಂಬಿದ ಅಮಾಯಕರಲ್ಲಿ ನಾನೂ ಒಬ್ಬಳು. ಆಗ ನಾನು ಮನಶ್ಶಾಸ್ತ್ರದ ಅಧ್ಯಾಪಕಿ. ಕುಲಸಚಿವರ ಕಚೇರಿಯಿಂದ ಎರಡು ಸಾಲಿನ ಆದೇಶ ಬಂದು, ಸಮಾಲೋಚನ ಕೇಂದ್ರದ ‘ಹೆಚ್ಚುವರಿ ಪ್ರಭಾರ’ವು ನನ್ನ ಹೆಗಲಿಗೇರಿತು. ಪರೀಕ್ಷಾ ವಿಭಾಗದ ಹಳೆಯ ಉತ್ತರಪತ್ರಿಕೆಗಳನ್ನು ತುಂಬಿದ್ದ ಕೋಣೆಯನ್ನು ಅರ್ಧ ಬರಿದುಮಾಡಿ ಕೊಟ್ಟರು. ಶುಲ್ಕ ಕಟ್ಟುವ ಕಿಂಡಿ ಅದರ ಎದುರಿಗೇ ಇತ್ತು. ಚಲನ್ ಹಿಡಿದು ಸಾಲು ನಿಂತ ಮುನ್ನೂರು ವಿದ್ಯಾರ್ಥಿಗಳ ಕಣ್ಣೆದುರಿಗೆ ಒಬ್ಬ ವಿದ್ಯಾರ್ಥಿಯು ನಮ್ಮ ಬಾಗಿಲನ್ನು ಹೊಗಬೇಕಾಗಿತ್ತು. ಸಾಲದ್ದಕ್ಕೆ ಇಂಜಿನಿಯರಿಂಗ್ ವಿಭಾಗದವರು ‘ಮಾನಸಿಕ ರೋಗಿಗಳ ಸಲಹಾ ಕೇಂದ್ರ’ ಎಂದು ಕೆಂಪು ಬಣ್ಣದಲ್ಲಿ ದೊಡ್ಡದಾಗಿ ಬರೆಸಿದ ಫಲಕವನ್ನು ತೂಗುಹಾಕಿದರು. ಮೂರು ವಾರಗಳಲ್ಲಿ ಬಂದವನು ಒಬ್ಬನೇ. ಅವನು ಶೌಚಾಲಯ ಎಲ್ಲಿದೆಯೆಂದು ಕೇಳಿಕೊಂಡು ಹೋದನು. ನಾನೇ ಸ್ಟೂಲು ಹತ್ತಿ ಫಲಕವನ್ನು ಕಳಚಿ ಗೋಡೆಗೆ ಮುಖಮಾಡಿ ನಿಲ್ಲಿಸಿದೆನು. ಸರ್ಕಾರಿ ಸ್ವತ್ತನ್ನು ಅನುಮತಿಯಿಲ್ಲದೆ ಸ್ಥಳಾಂತರಿಸಿದ್ದಕ್ಕೆ ವಿವರಣೆ ಕೇಳಿ ಬಂದ ಜ್ಞಾಪನಪತ್ರವು ಇಂದಿಗೂ ನನ್ನ ಬಳಿ ಇದೆ.

ಅಧ್ಯಾಪಕರಿಗೆ ಹೆಚ್ಚುವರಿ ಪ್ರಭಾರ ಕೊಟ್ಟರೆ ಆಯಿತಲ್ಲ, ಬೇರೆ ಹುದ್ದೆ ಏತಕ್ಕೆ ಎಂದು ಕೇಳುವವರಿಗೆ ನನ್ನದೇ ಒಂದು ಪ್ರಮಾದವನ್ನು ಒಪ್ಪಿಸುತ್ತೇನೆ. ನನ್ನ ತರಗತಿಯ ಹುಡುಗನೊಬ್ಬನು ಆ ಕೋಣೆಗೆ ಬಂದು ಕುಳಿತನು. ಎರಡು ಬಾರಿ ಏನನ್ನೋ ಹೇಳಹೋಗಿ, ಎರಡು ಬಾರಿಯೂ ಆಂತರಿಕ ಅಂಕಗಳ ಮಾತನ್ನೇ ಎತ್ತಿ, ನಮಸ್ಕಾರ ಹೇಳಿ ಎದ್ದುಹೋದನು. ಅಂಕದ ಚಿಂತೆಯೆಂದು ಬಗೆದು ನಾನು ಸುಮ್ಮನಾದೆನು. ಅವನ ತಂದೆ ತೀರಿಕೊಂಡು ಹದಿನೈದು ದಿನವಾಗಿತ್ತೆಂದು ತಿಳಿದದ್ದು ಸೆಮಿಸ್ಟರಿನ ಕೊನೆಯಲ್ಲಿ, ಒಂಬತ್ತು ದಿನ ಗೈರುಹಾಜರಿಗಾಗಿ ನಾನೇ ಅವನ ಅಂಕವನ್ನು ಕಡಿದಿದ್ದ ಪಟ್ಟಿಗೆ ಸಹಿ ಮಾಡುತ್ತಿದ್ದಾಗ. ಅಂಕ ಕೊಡುವ ಕೈ ಮೇಜಿನ ಮೇಲೆ ಇರುವತನಕ ಎದುರಿಗೆ ಕುಳಿತವನು ಆ ಕೈಯನ್ನೇ ನೋಡುತ್ತಾನೆ. ಇದನ್ನು ನಾನು ಯಾವ ಗ್ರಂಥದಿಂದಲೂ ಕಲಿಯಲಿಲ್ಲ.

ಆ ವರ್ಷವೇ ಮೊದಲ ಪ್ರಸ್ತಾವವನ್ನು ಬರೆದೆನು: ಪೂರ್ಣಕಾಲಿಕ ಆಪ್ತಸಮಾಲೋಚಕರ ಎರಡು ಮಂಜೂರಾದ ಹುದ್ದೆಗಳು. ಅದು ಹೋದ ದಾರಿಯನ್ನು ತಾವು ಕೇಳಬೇಕು. ಬೋಧಕ ಹುದ್ದೆಯೆಂದರೆ ಕಾರ್ಯಭಾರದ ಸಮರ್ಥನೆ ಬೇಕು. ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆಗಳ ಬೋಧನೆಯೆಂದು ನಿಯಮ. ಆಪ್ತಸಮಾಲೋಚಕರು ಪಾಠ ಹೇಳುವವರಲ್ಲವಾದ್ದರಿಂದ ಕಡತದ ಅಂಚಿನಲ್ಲಿ ‘ಕಾರ್ಯಭಾರ: ಶೂನ್ಯ’ ಎಂದು ಹಸಿರು ಶಾಯಿಯಲ್ಲಿ ಬರೆಯಲ್ಪಟ್ಟಿತು. ಹಾಗಾದರೆ ಬೋಧಕೇತರ ವರ್ಗದಲ್ಲಿ ಕೊಡಿರೆಂದು ಎರಡನೆಯ ಸಲ ಬರೆದೆನು. ತಿಂಗಳಿಗೆ ಎಷ್ಟು ಕಡತಗಳ ವಿಲೇವಾರಿಯಾಗುವುದೆಂದು ಪ್ರಶ್ನೆ ಬಂದಿತು. ಮನುಷ್ಯರು ಕಡತಗಳಲ್ಲವೆಂದು ನಾನು ಉತ್ತರ ಬರೆದದ್ದು ಅವಿವೇಕ. ಅದರಿಂದ ಎರಡು ವರ್ಷ ನಷ್ಟವಾಯಿತು. ಮೂರನೆಯ ಸಲ ಸಿಂಡಿಕೇಟ್ ಒಪ್ಪಿತು, ಉನ್ನತ ಶಿಕ್ಷಣ ಇಲಾಖೆ ಶಿಫಾರಸು ಮಾಡಿತು, ಆರ್ಥಿಕ ಇಲಾಖೆಯು ‘ಹೊಸ ಹುದ್ದೆಗಳ ಸೃಜನೆಗೆ ಸದ್ಯಕ್ಕೆ ಅವಕಾಶವಿಲ್ಲ, ಹೊರಗುತ್ತಿಗೆಯ ಮೂಲಕ ಪರಿಶೀಲಿಸಬಹುದು’ ಎಂದು ಹಿಂತಿರುಗಿಸಿತು. ಪ್ರತಿ ಸಲವೂ ಶಾಖೆಯ ಅಧೀಕ್ಷಕರು ನನ್ನನ್ನು ಸಮಾಧಾನ ಪಡಿಸುತ್ತಿದ್ದರು: “ಮೇಡಂ, ಫೈಲು ಎಲ್ಲೂ ನಿಂತಿಲ್ಲ, ಚಲಾವಣೆಯಲ್ಲಿದೆ.” ಒಳ್ಳೆಯ ಮನುಷ್ಯ. ಆ ಕಡತ ಚಲಾವಣೆಯಲ್ಲಿರುವಾಗಲೇ ಅವರೂ ನಿವೃತ್ತರಾದರು, ಆಮೇಲೆ ನಾನೂ ಆದೆನು.

ಹೊರಗುತ್ತಿಗೆಯ ಪರಿಣಾಮವೇನೆಂಬುದನ್ನು ಅಂಕೆಯಲ್ಲಿ ಹೇಳಲಾರೆ, ಒಬ್ಬಳ ಸಂಗತಿಯಲ್ಲಿ ಹೇಳುತ್ತೇನೆ. ಗುರುತು ಸಿಕ್ಕದಂತೆ ವಿವರಗಳನ್ನು ಬದಲಿಸಿದ್ದೇನೆ. ಹನ್ನೊಂದು ತಿಂಗಳ ಕರಾರಿನ ಮೇಲೆ ಬಂದ ತರುಣಿಯೊಬ್ಬಳು ನಮ್ಮ ಕೇಂದ್ರದಲ್ಲಿ ಆಪ್ತಸಮಾಲೋಚಕಿಯಾಗಿದ್ದಳು. ಸ್ನಾತಕೋತ್ತರ ವಿದ್ಯಾರ್ಥಿನಿಯೊಬ್ಬಳು ಅವಳಲ್ಲಿಗೆ ವಿದ್ಯಾರ್ಥಿವೇತನದ ಅರ್ಜಿಯನ್ನು ಕೇಳುವ ನೆಪದಲ್ಲಿ ಬಂದಳು. ನಮ್ಮಲ್ಲಿ ಯಾರೂ ಖಿನ್ನತೆಯೆಂದು ಹೇಳಿಕೊಂಡು ಬರುವುದಿಲ್ಲ. ತಲೆ ಗುಂಯ್ ಎನ್ನುತ್ತದೆ, ಎದೆ ಡವಡವ ಎನ್ನುತ್ತದೆ, ಊಟ ಸೇರುವುದಿಲ್ಲ, ಜೀವಕ್ಕೆ ಸಮಾಧಾನವಿಲ್ಲ ಎನ್ನುತ್ತಾರೆ, ಅಥವಾ ಸ್ಕಾಲರ್‌ಶಿಪ್ಪಿನ ಹಣ ಇನ್ನೂ ಖಾತೆಗೆ ಬಿದ್ದಿಲ್ಲವೆನ್ನುತ್ತಾರೆ. ಮುಕ್ಕಾಲು ಗಂಟೆ ಹಣದ ಮಾತಾದ ಮೇಲೆ ಆ ಹುಡುಗಿಯು ಕೊಡೆಯ ಹಿಡಿಯನ್ನು ತಿರುಗಿಸುತ್ತ, ತಾನು ಬಂದ ಕಾರಣದ ಮೊದಲ ವಾಕ್ಯವನ್ನು ಆಡಿದಳು. ಅಲ್ಲಿಂದ ಐದು ತಿಂಗಳು, ವಾರಕ್ಕೊಮ್ಮೆ, ತಪ್ಪದೆ ಬಂದಳು. ಮಾರ್ಚ್ 31ಕ್ಕೆ ಕರಾರು ಮುಗಿದು ಸಮಾಲೋಚಕಿಯನ್ನು ಬಿಡುಗಡೆ ಮಾಡಿದರು. ಪರೀಕ್ಷೆ ಬಂದದ್ದು ಮೇ ತಿಂಗಳಿನಲ್ಲಿ. ಆ ಇಡೀ ಬೇಸಗೆಯಲ್ಲಿ ನಮ್ಮ ಬಾಗಿಲಿಗೆ ಬೀಗ. ಆಗಸ್ಟಿನಲ್ಲಿ ಹೊಸಬರು ನೇಮಕವಾದಾಗ ನಾನೇ ಹಾಸ್ಟೆಲಿಗೆ ಹೋಗಿ ಆ ಹುಡುಗಿಯನ್ನು ಕರೆದೆನು. ಅವಳು ನಕ್ಕು, “ಮತ್ತ ಮೊದಲಿಂದ ಹೇಳೂದು ನನ್ನ ಕಡಿಂದ ಆಗೂದಿಲ್ರಿ ಮೇಡಂ” ಎಂದಳು. ಅವಳು ಓದನ್ನು ಅರ್ಧಕ್ಕೆ ಬಿಟ್ಟು ಊರಿಗೆ ಹೋದಳು. ಈಗ ಕ್ಷೇಮವಾಗಿದ್ದಾಳೆ, ದೀಪಾವಳಿಗೆ ಫೋನ್ ಮಾಡುತ್ತಾಳೆ. ಆದರೆ ಎಂ.ಎಸ್ಸಿ. ಮುಗಿಸಲಿಲ್ಲ.

ಕರಾರಿನ ಅವಧಿಯು ಆರ್ಥಿಕ ವರ್ಷವನ್ನು ಅನುಸರಿಸುತ್ತದೆ, ಸಂಕಟವು ಶೈಕ್ಷಣಿಕ ವರ್ಷವನ್ನು ಅನುಸರಿಸುತ್ತದೆ. ಇದನ್ನು ತಿಳಿಯುವುದಕ್ಕೆ ಆಯೋಗ ಬೇಕೆ? ಪಂಚಾಂಗ ಸಾಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟು, ವಿಶಾಖಪಟ್ಟಣದಲ್ಲಿ ನೀಟ್ ಪರೀಕ್ಷೆಗೆ ಓದುತ್ತಿದ್ದ ಹದಿನೇಳು ವರ್ಷದ ಹುಡುಗಿಯ ಮರಣದ ಪ್ರಕರಣದಲ್ಲಿ ತೀರ್ಪನ್ನಿತ್ತು, ದೇಶದ ಶಿಕ್ಷಣ ಸಂಸ್ಥೆಗಳಿಗೆಲ್ಲ ಅನ್ವಯಿಸುವ ಮಾರ್ಗಸೂಚಿಗಳನ್ನು ವಿಧಿಸಿತು. ನೂರು ಮತ್ತು ಅದಕ್ಕೆ ಮೇಲ್ಪಟ್ಟು ವಿದ್ಯಾರ್ಥಿಗಳಿರುವ ಸಂಸ್ಥೆಯು ತರಬೇತಿ ಹೊಂದಿದ ಆಪ್ತಸಮಾಲೋಚಕ, ಮನಶ್ಶಾಸ್ತ್ರಜ್ಞ ಅಥವಾ ಸಮಾಜ ಕಾರ್ಯಕರ್ತರನ್ನು, ಕನಿಷ್ಠ ಒಬ್ಬರನ್ನು, ನೇಮಿಸತಕ್ಕದ್ದು. ನಿವೃತ್ತಿಯಾದವಳು ನಾನು, ಆದರೂ ಆ ದಿನ ಸಂಜೆ ಸಕ್ಕರೆ ಕಾಯಿಲೆಯನ್ನು ಮರೆತು ಒಂದು ತುಂಡು ಫೇಡೆ ತಿಂದೆನು. ಮರು ತಿಂಗಳು ಒಂದು ವಿಶ್ವವಿದ್ಯಾನಿಲಯದ ಅಧಿಕಾರಿಗಳು, ಹೆಸರು ಬೇಡ, ತಮ್ಮಲ್ಲಿ ಈ ಆಜ್ಞೆಯ ಪಾಲನೆಯಾಗಿದೆಯೆಂದು ನನಗೆ ಹೆಮ್ಮೆಯಿಂದ ತಿಳಿಸಿದರು. ಎಷ್ಟು ಮಂದಿಯನ್ನು ನೇಮಿಸಿದಿರೆಂದು ಕೇಳಿದೆನು. ಒಬ್ಬರನ್ನು, ಎಂದರು. ವಿದ್ಯಾರ್ಥಿಗಳೆಷ್ಟು? ಆರು ಸಾವಿರ. ನ್ಯಾಯಾಲಯವು ‘ಕನಿಷ್ಠ’ ಎಂದು ಬರೆದದ್ದನ್ನು ನಮ್ಮ ಆಡಳಿತವು ‘ಗರಿಷ್ಠ’ ಎಂದು ಓದಿತು. ಅಮೆರಿಕದ ಕಾಲೇಜುಗಳಿಗೆ ಅಲ್ಲಿಯ ಸಮಾಲೋಚನ ಸೇವೆಗಳ ಸಂಘವು ಹೇಳಿದ್ದ ಪ್ರಮಾಣ ಸಾವಿರದಿಂದ ಸಾವಿರದೈನೂರು ವಿದ್ಯಾರ್ಥಿಗಳಿಗೆ ಒಬ್ಬರೆಂದು. ಅಮೆರಿಕದ ದಾರಿ ಎಲ್ಲದರಲ್ಲಿಯೂ ಅನುಕರಣೀಯವೆಂದು ನಾನು ಹೇಳುವವಳಲ್ಲ, ಲೆಕ್ಕವಾದರೂ ಲೆಕ್ಕವೇ.

ನಾವು ನಿರ್ದೋಷಿಗಳೇನಲ್ಲ. ಹಿಂದೊಂದು ಸಮ್ಮೇಳನದಲ್ಲಿ, ಕ್ಲಿನಿಕಲ್ ಮನಶ್ಶಾಸ್ತ್ರದಲ್ಲಿ ಎಂ.ಫಿಲ್. ಆದವರಿಗೆ ಮಾತ್ರ ಈ ಸಂಘದ ಸದಸ್ಯತ್ವವೆಂಬ ನಿರ್ಣಯವು ಬಂದು, ಸಮಾಜಕಾರ್ಯದ ಸ್ನಾತಕೋತ್ತರ ಪದವೀಧರರು ಊಟವನ್ನೂ ಮಾಡದೆ ಎದ್ದುಹೋದದ್ದು ಹಿರಿಯ ಸದಸ್ಯರಿಗೆ ನೆನಪಿರಬೇಕು. ಆ ದಿನ ನಿರ್ಣಯದ ಪರವಾಗಿ ಕೈಯೆತ್ತಿದವರಲ್ಲಿ ನಾನಿದ್ದೆನು. ಅದು ತಪ್ಪಾಗಿತ್ತು. ನಾವು ಯಾರು ಮೇಲೆಂದು ವಾದಿಸುತ್ತಿದ್ದಾಗ ಆರ್ಥಿಕ ಇಲಾಖೆಗೆ ನಮ್ಮ ಜಗಳವೇ ಒಂದು ನೆಪವಾಯಿತು. ಅರ್ಹತೆ ಯಾವುದೆಂದು ನಿಮ್ಮಲ್ಲಿಯೇ ಒಮ್ಮತವಿಲ್ಲವಲ್ಲ ಎಂದು ಅವರು ಬರೆದರು. ಕ್ಲಿನಿಕಲ್ ಮನಶ್ಶಾಸ್ತ್ರಜ್ಞರ ನೋಂದಣಿ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿದೆ, ಸಮಾಲೋಚಕರೇ ಮೊದಲಾದ ಉಳಿದವರಿಗೆ 2021ರ ಸಹವರ್ತಿ ಆರೋಗ್ಯ ವೃತ್ತಿಗಳ ಕಾಯಿದೆಯಿದೆ. ಎರಡಕ್ಕೂ ಸ್ಥಳವಿರುವಾಗ ಒಂದೇ ಬಾಗಿಲಿನಲ್ಲಿ ನೂಕಾಡಬೇಕಾಗಿಲ್ಲ. ಆದರೆ ಅಂದು ಹೊರಗೆ ಹೋದ ಮಿತ್ರರು ನನ್ನನ್ನು ‘ಡಿಗ್ರಿಯ ಪೂಜಾರಿ’ ಎಂದು ಕರೆದು ಅಚ್ಚುಹಾಕಿಸಿದ ಕರಪತ್ರವಿದೆಯಲ್ಲ, ಅದರ ಅಭಿಪ್ರಾಯವನ್ನು ಕ್ಷಮಿಸಿದ್ದೇನೆ, ಕಾಗುಣಿತವನ್ನು ಕ್ಷಮಿಸಿಲ್ಲ.

ಇನ್ನೊಂದು ಹಳೆಯ ವ್ಯಾಜ್ಯ ಹಾಜರಿ ಪುಸ್ತಕದ್ದು. ಕೇಂದ್ರಕ್ಕೆ ಬಂದವರ ಹೆಸರು, ತರಗತಿ, ನೋಂದಣಿ ಸಂಖ್ಯೆ, ‘ದೂರಿನ ಸ್ವರೂಪ’ ಎಂಬ ನಾಲ್ಕು ಕಾಲಮುಗಳ ಪುಸ್ತಕವನ್ನು ತಿಂಗಳ ಕೊನೆಗೆ ಮೇಲಧಿಕಾರಿಗೆ ಒಪ್ಪಿಸಬೇಕೆಂದು ನನಗೆ ಆದೇಶವಿತ್ತು. ಹೆಸರುಗಳಿಲ್ಲದೆ ಬಿಲ್ಲು ಪಾಸಾಗದು ಎಂದರು. ಸಂಖ್ಯೆ ಕೊಡುತ್ತೇನೆ, ಹೆಸರು ಕೊಡೆನು ಎಂದೆನು. 2017ರ ಮಾನಸಿಕ ಆರೋಗ್ಯ ರಕ್ಷಣೆ ಕಾಯಿದೆಯು ತನ್ನ 23ನೆಯ ಕಲಮಿನಲ್ಲಿ ಗೋಪ್ಯತೆಯನ್ನು ಹಕ್ಕೆಂದು ಘೋಷಿಸಿದ ಮೇಲೆ ನನ್ನ ಮೊಂಡುತನಕ್ಕೆ ಶಾಸ್ತ್ರಾಧಾರ ದೊರಕಿತು. ಅದಕ್ಕೆ ಮೊದಲಿನ ಎಂಟು ವರ್ಷ ಮೊಂಡುತನವೊಂದೇ ಆಧಾರ.

ಏನಾಗಬೇಕೆಂಬುದನ್ನು ಹೇಳಿ ಮುಗಿಸುತ್ತೇನೆ. ಸಾವಿರದೈನೂರು ವಿದ್ಯಾರ್ಥಿಗಳಿಗೆ ಒಂದರಂತೆ ಮಂಜೂರಾದ ಹುದ್ದೆ, ಅದು ಪರೀಕ್ಷಾಂಗದ ಅಧೀನದಲ್ಲಿ ಅಲ್ಲ, ವಿದ್ಯಾರ್ಥಿ ಕ್ಷೇಮಪಾಲನ ನಿರ್ದೇಶಕರ ಅಧೀನದಲ್ಲಿ. ಇದು ಮೊದಲನೆಯದು, ಇದಾಗದಿದ್ದರೆ ಉಳಿದದ್ದಕ್ಕೆ ಬೆಲೆಯಿಲ್ಲ. ಅದು ಆಗುವವರೆಗೆ ಕರಾರು ಮೂರು ವರ್ಷದ್ದಾಗಲಿ, ಮುಗಿಯುವುದು ಜುಲೈಯಲ್ಲಾಗಲಿ, ಹೋಗುವವರೂ ಬರುವವರೂ ಒಂದು ತಿಂಗಳು ಜೊತೆಯಲ್ಲಿ ಕುಳಿತು, ವಿದ್ಯಾರ್ಥಿಯ ಒಪ್ಪಿಗೆ ಪಡೆದು, ಅವನ ಕತೆಯನ್ನು ಕೈಯಿಂದ ಕೈಗೆ ದಾಟಿಸಲಿ. ಕೋಣೆ ಗ್ರಂಥಾಲಯದ ಪಕ್ಕದಲ್ಲಿರಲಿ. ಅಲ್ಲಿಗೆ ಹೋಗುವವನನ್ನು ಯಾರೂ ಎಲ್ಲಿಗೆಂದು ಕೇಳುವುದಿಲ್ಲ. ರಾತ್ರಿ ಎಂಟರ ತನಕ ತೆರೆದಿರಲಿ. 2022ರ ಅಕ್ಟೋಬರಿನಿಂದ ನಡೆದಿರುವ ಟೆಲಿ ಮಾನಸ್ ಸೇವೆಯ 14416 ಎಂಬ ಸಂಖ್ಯೆಯನ್ನು ಪ್ರವೇಶಪತ್ರದ ಹಿಂಬದಿಯಲ್ಲಿ ಅಚ್ಚುಹಾಕಲಿ. ಅಲ್ಲಿ ಈಗ ಕ್ಯಾಲ್ಕುಲೇಟರಿನ ಬಗ್ಗೆ ಹದಿಮೂರು ಸೂಚನೆಗಳಿವೆ, ಒಂದನ್ನು ತೆಗೆಯಬಹುದು. ಮತ್ತು ಫಲಿತಾಂಶವನ್ನು ಶುಕ್ರವಾರ ಸಂಜೆ ಪ್ರಕಟಿಸುವ ಪದ್ಧತಿ ನಿಲ್ಲಬೇಕು. ಶನಿವಾರ, ಭಾನುವಾರ ನಮ್ಮ ಬಾಗಿಲು ಮುಚ್ಚಿರುತ್ತದೆ, ವಾರ್ಡನ್ ಊರಿಗೆ ಹೋಗಿರುತ್ತಾರೆ, ಹುಡುಗನು ಅಂಕಪಟ್ಟಿಯೊಡನೆ ಒಬ್ಬನೇ ಇರುತ್ತಾನೆ. ಸೋಮವಾರ ಬೆಳಿಗ್ಗೆ ಪ್ರಕಟಿಸುವುದಕ್ಕೆ ಒಂದು ಪೈಸೆ ಖರ್ಚಿಲ್ಲ, ಆರ್ಥಿಕ ಇಲಾಖೆಯ ಒಪ್ಪಿಗೆಯೂ ಬೇಡ.

ತರಬೇತಿಯು ಅಧ್ಯಾಪಕರಿಗಷ್ಟೇ ನಿಲ್ಲಬಾರದು. ಹಾಸ್ಟೆಲಿನ ಮೆಸ್ಸಿನವರು, ಕಾವಲುಗಾರರು, ಗ್ರಂಥಾಲಯದ ಪರಿಚಾರಕರು ನಮಗಿಂತ ಮೊದಲು ಕಾಣುತ್ತಾರೆ. “ಆ ಕಡೀ ಖೋಲಿ ಹುಡುಗ ಮೂರು ದಿನಾತು ರೊಟ್ಟಿ ಇಸ್ಕೊಂಡಿಲ್ರಿ” ಎಂದು ಅಡುಗೆಯವನೊಬ್ಬನು ಹಿಟ್ಟಿನ ಕೈಯಲ್ಲೇ ಬಂದು ಹೇಳಿದ್ದರಿಂದ ನಾವು ಸಕಾಲದಲ್ಲಿ ಒಂದು ಬಾಗಿಲನ್ನು ತಟ್ಟಿದ್ದುಂಟು. ಆ ಅಡುಗೆಯವನಿಗೆ ಯಾವ ಪ್ರಮಾಣಪತ್ರವನ್ನೂ ಯಾರೂ ಕೊಡಲಿಲ್ಲ.

ಇನ್ನು ಆಸೆಯ ಮಾತು. ನಮ್ಮ ನಾಡಿನ ಜಿಲ್ಲೆಜಿಲ್ಲೆಗಳಲ್ಲಿ ಜನ ತಮ್ಮ ಮನಸ್ಸಿನ ಬೇನೆಗೆ ಬಳಸುವ ಮಾತುಗಳ ಒಂದು ಕೋಶವನ್ನು ಯಾರಾದರೂ ಸಿದ್ಧಪಡಿಸಬೇಕು. ಇಂಗ್ಲಿಷಿನಿಂದ ತಂದ ಪ್ರಶ್ನಾವಳಿಯನ್ನು ಪದಕ್ಕೆ ಪದವಿಟ್ಟು ಕನ್ನಡಿಸಿ, ಕಲಬುರಗಿಯ ಹುಡುಗನ ಕೈಗೂ ಪುತ್ತೂರಿನ ಹುಡುಗಿಯ ಕೈಗೂ ಕೊಡುತ್ತ ಎಷ್ಟು ಕಾಲ ಕಳೆಯುವುದು? ವಿದ್ಯಾರ್ಥಿವೇತನವು ವರ್ಷದೊಳಗೆ ಕೈಸೇರಬೇಕು. ನಮ್ಮಲ್ಲಿಗೆ ಬರುವ ಆತಂಕಗಳಲ್ಲಿ ಎಷ್ಟೋ ಬ್ಯಾಂಕಿನ ಒಂದು ಸಂದೇಶದಿಂದ ಅರ್ಧಕ್ಕಿಳಿಯುವುದನ್ನು ನಾವೆಲ್ಲ ಕಂಡಿದ್ದೇವೆ. ಹುದ್ದೆಯ ಕಡತಕ್ಕೆ ಸಹಿ ಮಾಡತಕ್ಕ ಅಧಿಕಾರಿಗಳು ಒಂದು ಮಧ್ಯಾಹ್ನ ನಮ್ಮ ಕೋಣೆಯ ಹೊರಗಿನ ಬೆಂಚಿನ ಮೇಲೆ, ಯಾರೆಂದು ಹೇಳಿಕೊಳ್ಳದೆ, ಸುಮ್ಮನೆ ಕುಳಿತು ಹೋಗಬೇಕು. ಈ ಕೊನೆಯದು ಆಗದೆಂದು ಬಲ್ಲೆನು, ಹೇಳಿಬಿಟ್ಟೆನು.

ಮಧ್ಯಾಹ್ನದ ಗೋಷ್ಠಿಯಲ್ಲಿ ನಿರ್ಣಯದ ಕರಡು ತಮ್ಮ ಮುಂದೆ ಬರುತ್ತದೆ. ನಾನು ನಿನ್ನೆ ರಾತ್ರಿ ಓದಿ ನೋಡಿದೆನು: ಮೂರನೆಯ ಸಾಲಿನಲ್ಲಿ ‘ಹುದ್ದೆಗಳ ಸೃಜನೆಯನ್ನು ಸರ್ಕಾರವು ಪರಿಶೀಲಿಸಬೇಕು’ ಎಂದಿದೆ. ‘ಪರಿಶೀಲಿಸಬೇಕು’ ಎಂಬುದನ್ನು ಹೊಡೆದು ‘ಮಂಜೂರು ಮಾಡಬೇಕು’ ಎಂದು ತಿದ್ದಿಕೊಂಡು ಮತಕ್ಕೆ ಹಾಕಬೇಕೆಂದು ಕಾರ್ಯದರ್ಶಿಗಳಲ್ಲಿ ನನ್ನ ವಿಜ್ಞಾಪನೆ. ಊಟ ಒಂದೂವರೆಗೆ, ಈ ಸಲ ಯಾರೂ ಉಣ್ಣದೆ ಎದ್ದುಹೋಗಬಾರದು.